ಚಂದ್ರನ ಬೆನ್ನ ಕಡೆ

ಕೇದಾರ ಘಾಟ್, ಕಾಶಿ
೧೬ ಮೇ ೧೯೯೩, ಭಾನುವಾರ

ಕೇದಾರ ಘಾಟ್ ಚಂದ್ರವೀಕ್ಷಣಾ ಇಲಾಖೆಯ ಸಂಸ್ಥಾಪಕಿಯೂ ಆಜೀವ ಅಧ್ಯಕ್ಷೆಯೂ ಆದ, ಮದುವೆ ಎಂಬ ಕ್ಷುಲ್ಲಕ ಕಾರಣವನ್ನು ಮುಂದಿಟ್ಟು ಕಚೇರಿಗೆ ಗೈರುಹಾಜರಾಗಿ ಚಿತ್ರದುರ್ಗದಲ್ಲಿ ಕಾಲ ಕಳೆಯುತ್ತಿರುವ ಮಹಾರಾಜಶ್ರೀ ಕಾತ್ಯಾಯನಿ ಅಕ್ಕನವರ ಪಾದಗಳಿಗೆ, ಇಲಾಖೆಯಲ್ಲಿ ಉಳಿದಿರುವ ಏಕೈಕ ಸಿಬ್ಬಂದಿಯಾದ ಅಮೂಲ್ಯಾ ಮಾಡುವ ಸಾಷ್ಟಾಂಗ ನಮಸ್ಕಾರ. ಮಾಳಿಗೆಯ ನೆಲ ಕಾದ ಹೆಂಚಿನಂತಿರುವುದರಿಂದ ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮಾಡಲಾಗಿದೆ. ದಯವಿಟ್ಟು ಸ್ವೀಕರಿಸಬೇಕು.

ಪದ್ಧತಿಯ ಪ್ರಕಾರ ಈಗ "ಇಲ್ಲಿ ನಾವೆಲ್ಲರೂ ಕ್ಷೇಮ" ಎಂದು ಬರೆಯಬೇಕು. ಬರೆದೆ, ಆಮೇಲೆ ಹೊಡೆದು ಹಾಕಿದೆ. ಇಲ್ಲಿ ಕಾಣುವ ಮಸಿಯ ಗುಡ್ಡೆ ಅದೇ. ನಮ್ಮ ಕೆಳಗಿನ ಕೋಣೆಯ ತುಳಸಜ್ಜಿ ಹೋದಳು ಅಕ್ಕಾ. ಬುದ್ಧಪೂರ್ಣಿಮೆಯ ಸಂಜೆ. ಅಪ್ಪ ಎಲ್ಲರಿಗೂ ಒಂದು ಥರ ಹೇಳಿದ್ದಾರೆ. ನಡೆದದ್ದು ಏನೆಂದು ನಿನಗೆ ಹೇಳಲು ಈ ಪತ್ರ.

ಕಾಗದ, ಲಕೋಟೆ ಎರಡನ್ನೂ ಅಮ್ಮ ಒಂದು ಷರತ್ತಿನ ಮೇಲೆ ಕೊಟ್ಟಿದ್ದಾಳೆ. "ಫೆಬ್ರವರಿ ವಿಷಯ ಪತ್ರದಲ್ಲಿ ಒಂದಕ್ಷರ ಎತ್ತಕೂಡದು ನೋಡು. ಅವಳು ಈಗೀಗ ಸ್ವಲ್ಪ ಊಟ ಮಾಡ್ತಿದ್ದಾಳಂತೆ." ಆದ್ದರಿಂದ ನಾನು ಆಸ್ಪತ್ರೆಯ ಬಗ್ಗೆ ಬರೆಯುವುದಿಲ್ಲ. ತೊಟ್ಟಿಲಿಗೆ ಕಟ್ಟಲೆಂದು ಅಪ್ಪ ವಿಶ್ವನಾಥ ಗಲ್ಲಿಯಿಂದ ಆರಿಸಿ ತಂದ ಮರದ ಗಿಳಿಗಳ ಬಗ್ಗೆ, ಅವು ಅಂಚೆಗೆ ಹೋಗುವ ಬದಲು ಅಟ್ಟಕ್ಕೆ ಹೋದದ್ದರ ಬಗ್ಗೆ ಬರೆಯುವುದಿಲ್ಲ. ನೀನು ಅಪ್ಪನನ್ನು ಒಂದು ಮಾತು ಕೇಳಿದೆ, ಅಪ್ಪ ಒಂದೇ ಸಾಲಿನ ಕಾರ್ಡು ಹಾಕಿದರು, ಅಲ್ಲಿಂದ ಮುಂದೆ ನೀನು ನಮಗೆ ಬರೆಯುವುದನ್ನೇ ಬಿಟ್ಟೆ. ಅದರ ಬಗ್ಗೆಯಂತೂ ಖಂಡಿತ ಬರೆಯುವುದಿಲ್ಲ. ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂಬುದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದಿದ್ದರೆ ಕೊನೆಯ ತನಕ ಓದು.

ಮೊದಲು ಇಲಾಖೆಯ ಆಸ್ತಿಯ ವಿವರ. ನೀನು ಸೀರೆ ಅಂಗಡಿಯ ರಟ್ಟಿನ ಕೊಳವೆಗೆ ತಾತನ ಕನ್ನಡಕದ ಗಾಜು ಅಂಟಿಸಿ ಮಾಡಿದ ದೂರದರ್ಶಕ ಇನ್ನೂ ಸೇವೆಯಲ್ಲಿದೆ. ಒಂದು ಸಲ ಕೋತಿ ಎತ್ತಿಕೊಂಡು ಹೋಗಿ ಎದುರು ಮನೆಯ ಮಾಡಿನ ಮೇಲೆ ಕೂತು, ತಿರುಗಿಸಿ ತಿರುಗಿಸಿ ನೋಡಿ, ಉಪಯೋಗವಿಲ್ಲವೆಂದು ಬಿಸಾಡಿತು. ಕೊಳವೆಯ ತುದಿ ಸ್ವಲ್ಪ ಜಜ್ಜಿದೆ. ಚಂದ್ರ ಈಗಲೂ ತಲೆಕೆಳಗಾಗಿಯೇ ಕಾಣುತ್ತದೆ. ನೀನು ತಂದ ಹಿಂದಿ ಪುಸ್ತಕವೂ ಇದೆ. ಮನುಷ್ಯ ಚಂದ್ರನ ಮೇಲೆ ಇಟ್ಟ ಹೆಜ್ಜೆಯ ಚಿತ್ರದ ಪಕ್ಕದಲ್ಲಿ ನಾನು ಆರು ವರ್ಷದವಳಿದ್ದಾಗ ಮಸಿ ಕಾಲಿಟ್ಟ ಗುರುತೂ ಇದೆ. ಆಗ ನೀನು ಹೊಡೆಯಲಿಲ್ಲ. "ಚಂದ್ರನ ಮೇಲೆ ಕಾಲಿಟ್ಟ ಮೊದಲ ಕನ್ನಡತಿ" ಎಂದು ಕೆಳಗೆ ಬರೆದು ತಾರೀಕು ಹಾಕಿದೆ.

ತುಳಸಜ್ಜಿಯನ್ನು ನೀನು ನೋಡಿಲ್ಲ. ನಿನ್ನ ಮದುವೆಯಾದ ಮೇಲೆ ಬಂದವಳು, ಗದಗದ ಹತ್ತಿರದ ಹಳ್ಳಿಯಿಂದ. ಅಣ್ಣನ ಮಗನೊಬ್ಬ ಕರೆತಂದು, "ಇಲ್ಲೇ ಮುಕ್ತಿ ಆಗ್ಲಿ ಅಂತ ಆಕಿ ಆಸೆರಿ ಭಟ್ರ" ಎಂದು ಅಪ್ಪನಿಗೆ ಒಪ್ಪಿಸಿ ಹೋದ. ಕಾಶಿಯಲ್ಲಿ ಪ್ರಾಣ ಬಿಡುವವರ ಕಿವಿಯಲ್ಲಿ ವಿಶ್ವನಾಥನೇ ಬಂದು ತಾರಕಮಂತ್ರ ಹೇಳುತ್ತಾನೆ, ಮತ್ತೆ ಹುಟ್ಟು ಸಾವು ಒಂದೂ ಇಲ್ಲದ ಹಾಗೆ ಬಿಡಿಸಿಬಿಡುತ್ತಾನೆ ಎಂದು ನಂಬಿ ಬರುವ ಎಲ್ಲರ ಹಾಗೆ ಅವಳೂ ಬಂದವಳು. ಬಂದ ಮೇಲೆ ಸಾಯುವ ಅವಸರವನ್ನೇನೂ ತೋರಿಸಲಿಲ್ಲ. ತರಕಾರಿಯವನ ಹತ್ತಿರ ಗದಗದ ಕನ್ನಡದಲ್ಲಿ ಜಗಳ ಮಾಡುವಳು, ಅವನು ಭೋಜ್‌ಪುರಿಯಲ್ಲಿ ತಿರುಗಿ ಬೈಯುವನು, ಇಬ್ಬರಿಗೂ ಎಲ್ಲ ಅರ್ಥವಾಗುವುದು. ನನ್ನನ್ನು "ಏ ಉಡಾಳಿ" ಎಂದು ಕರೆಯುವಳು. ಹೀಗೆ ನನ್ನ ನಿಜವಾದ ಯೋಗ್ಯತೆಯನ್ನು ಗುರುತಿಸಿದ ಮೊದಲ ವ್ಯಕ್ತಿ ಅವಳೇ.

ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ಅಜ್ಜಿಯನ್ನು ಮಾಳಿಗೆಗೆ ಹತ್ತಿಸಿ, ಘನಗಂಭೀರವಾಗಿ ಘೋಷಿಸಿದೆ: ಚಂದ್ರನಲ್ಲಿ ಜೀವಿಗಳು ಪತ್ತೆಯಾಗಿವೆ, ಸರ್ಕಾರ ಇನ್ನೂ ಹೊರಗೆ ಬಿಟ್ಟಿಲ್ಲ, ನಿನಗೆ ಮಾತ್ರ ತೋರಿಸುತ್ತೇನೆ. ಕಣ್ಣಿಡುವ ಕಡೆ ಕೊಳವೆಯೊಳಗೆ ಒಂದು ಇರುವೆ ಬಿಟ್ಟಿದ್ದೆ.

ಅಜ್ಜಿ ಬಹಳ ಹೊತ್ತು ನೋಡಿದಳು. "ಅಯ್ಯ ನಮ್ಮವ್ವಾ! ಏನೋ ಕರ್ರಗ ಹರದಾಡಾಕತ್ತೈತಿ!" ಎಂದಳು. ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ನನ್ನದು ಫ್ರಾಕು, ಆದ್ದರಿಂದ ಅಜ್ಜಿಯ ಸೆರಗು. ಅವಳು ಕೊಳವೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಹಂಗಾರ ಮಂದಿ ಅದಾರ ಅಂತಾತು. ನಮ್ಮ ಶಕ್ಕು ಅದಾಳೇನು, ಸ್ವಲ್ಪ ನೋಡಿ ಹೇಳ ನೀನು. ನಿನ್ನ ಕಣ್ಣು ಚೊಲೊ ಅದಾವು."

ಶಕ್ಕು ಎಂದರೆ ಶಕುಂತಲಾ. ಅಜ್ಜಿಯ ಒಬ್ಬಳೇ ಮಗಳು. ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ಹೋದಳಂತೆ. ಚಂದ್ರನನ್ನು ತೋರಿಸದಿದ್ದರೆ ಅನ್ನ ಮುಟ್ಟುತ್ತಿರಲಿಲ್ಲವಂತೆ. ಅಮಾವಾಸ್ಯೆ ಬಂದರೆ ಇಡೀ ಮನೆ ಅವಳಿಗೆ ಉಣ್ಣಿಸಲು ಪಾಡು ಪಡುತ್ತಿತ್ತಂತೆ. ಇದನ್ನೆಲ್ಲ ಹೇಳುವಾಗ ಅಜ್ಜಿ ನಿನ್ನೆ ಮೊನ್ನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಇರುವೆ ಹೊರಗೆ ಬಂದು ಅವಳ ಕೈಮೇಲೆ ಹರಿಯಿತು. ನಾನು ಅದನ್ನು ಊದಿಬಿಟ್ಟೆ.

ಸುಮ್ಮನಿರಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅಪ್ಪ ಸಂಧ್ಯಾವಂದನೆಗೆ ಮೇಲೆ ಬಂದರು. ಅಜ್ಜಿ ಅವರನ್ನೇ ಕೇಳಿದಳು, ಸತ್ತವರು ಎಲ್ಲಿರುತ್ತಾರೆ ಅಂತ. ಅಪ್ಪ ಪಂಚಪಾತ್ರೆ ಕೆಳಗಿಟ್ಟು ವಿವರಿಸಿದರು: ಪಿತೃಲೋಕ ಇರುವುದು ಚಂದ್ರನ ಮೇಲ್ಭಾಗದಲ್ಲಿ, ನಮಗೆ ಕಾಣುವುದು ಕೆಳಭಾಗ ಮಾತ್ರ, ಅವರು ಆ ಕಡೆ ಇರುತ್ತಾರೆ. ನನಗೆ ಮೈ ಜುಮ್ಮೆಂದಿತು ಅಕ್ಕಾ! ಓಡಿ ಹೋಗಿ ನಿನ್ನ ಪುಸ್ತಕ ತಂದೆ. ಚಂದ್ರ ಯಾವಾಗಲೂ ಒಂದೇ ಮುಖ ತೋರಿಸುತ್ತದೆ, ಬೆನ್ನನ್ನು ಭೂಮಿಯಿಂದ ಯಾರೂ ಕಂಡಿಲ್ಲ, ರಾಕೆಟ್ಟು ಸುತ್ತು ಹಾಕಿ ಹೋಗಿ ಫೋಟೋ ತೆಗೆಯಬೇಕಾಯಿತು ಎಂದು ನೀನು ಕೆಂಪು ಗೆರೆ ಎಳೆದ ಪುಟವಿದೆಯಲ್ಲ, ಅದು. ಶಾಸ್ತ್ರವೂ ರಾಕೆಟ್ಟೂ ಒಂದೇ ಮಾತು ಹೇಳಿದ ಆ ಸಂಜೆ ಅಪ್ಪ ನನ್ನ ತಲೆ ಸವರಿದರು. ಅಜ್ಜಿ ಫೋಟೋದ ಮೇಲೆ ಬೆರಳಾಡಿಸಿ, "ಇದರಾಗ ಮಂದಿ ಕಾಣವಲ್ರಲ್ಲ?" ಎಂದಳು. ಬಹಳ ದೂರದಿಂದ ತೆಗೆದದ್ದು ಅಜ್ಜಿ, ಎಂದೆ. ಒಪ್ಪಿಕೊಂಡಳು.

ಅಲ್ಲಿಂದ ನಮ್ಮ ಇಲಾಖೆಗೆ ಹೊಸ ಸದಸ್ಯೆ ಬಂದಂತಾಯಿತು. ದಿನಾ ಸಂಜೆ ಒಂದು ಪಾಠ. ಅಲ್ಲೊಂದು ಶಾಂತಿಸಾಗರ ಇದೆ ಎಂದರೆ, "ಅದು ಹೋಟೆಲ್ ಅಲ್ಲೇನು?" ಎನ್ನುವಳು. ಅಲ್ಲಿ ನೀರಿಲ್ಲ, ಗಾಳಿಯಿಲ್ಲ ಎಂದರೆ, "ಈ ಕಡೆ ಇಲ್ಲ. ಹಿಂದ ಇರತೈತಿ." ಅಲ್ಲಿ ಎಲ್ಲದರ ತೂಕವೂ ಇಲ್ಲಿಯ ಆರನೇ ಒಂದು ಪಾಲು, ಮೊಣಕಾಲು ನೋಯುವುದಿಲ್ಲ ಎಂದ ದಿನ ಅಜ್ಜಿ ಎಷ್ಟೋ ಹೊತ್ತು ತನ್ನಷ್ಟಕ್ಕೆ ನಗುತ್ತ ಕೂತಿದ್ದಳು. "ಹಂಗಾರ ಶಕ್ಕೂನ ಸೊಂಟದ ಮ್ಯಾಲ ಕುಂಡ್ರಿಸಿಕೊಂಡ ಅಡ್ಡಾಡಬಹುದು. ಒಂಬತ್ತು ವರ್ಷದಾಕಿ ಅಂದ್ರೂ ಆದೀತು." ಯಾವ ಶಾಲೆಯಲ್ಲಿಯೂ ಯಾರೂ ಗುರುತ್ವಾಕರ್ಷಣೆಯನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿರಲಾರರು.

ಎಡವಟ್ಟಾದದ್ದು ಶಿವರಾತ್ರಿ ಕಳೆದ ಮೇಲೆ. ಯಾವ ತಿಂಗಳು ಎಂದು ಬರೆಯುವಂತಿಲ್ಲ. ಅಜ್ಜಿ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಅಪ್ಪ ಅದೇ ತಾನೇ ಆ ಕಾರ್ಡನ್ನು ಡಬ್ಬಿಗೆ ಹಾಕಿ ಬಂದು ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಅಜ್ಜಿ ಅವರನ್ನು ಮಾತಿಗೆಳೆಯಲು ಇರಬೇಕು, ನಾನು ಸತ್ತ ಮೇಲೆ ಅಲ್ಲಿಗೆ ಮುಟ್ಟಲು ಎಷ್ಟು ದಿನ ಹಿಡಿಯುತ್ತದೆ ಭಟ್ಟರೇ, ಎಂದು ಕೇಳಿದಳು.

"ನಿಮಗೆ ಆ ಅಲೆದಾಟ ಇಲ್ಲ ತುಳಸಮ್ಮನವರೇ," ಎಂದರು ಅಪ್ಪ. "ಕಾಶಿಯಲ್ಲಿ ದೇಹ ಬಿಟ್ಟವರು ಪಿತೃಲೋಕಕ್ಕೆ ಯಾಕೆ ಹೋಗ್ತಾರೆ? ಎಲ್ಲಿಗೂ ಹೋಗೋದಿಲ್ಲ. ನೇರ ಬಿಡುಗಡೆ."

ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದೇ ಅಪ್ಪ ತಿಳಿದಿದ್ದರು. ಅಜ್ಜಿಯ ಕೈ ಮೊರದ ಮೇಲೆ ನಿಂತುಬಿಟ್ಟಿತು.

"ಎಲ್ಲಿಗೂ?"

"ಎಲ್ಲಿಗೂ ಇಲ್ಲ."

"ಮತ್ತ ಆಕಿ?"

ಶಕ್ಕು ಕಾಶಿಯಲ್ಲಿ ಸತ್ತವಳಲ್ಲ. ತಮ್ಮ ಹಳ್ಳಿಯಲ್ಲಿ, ತಾಯಿಯ ತೊಡೆಯ ಮೇಲೆ ಸತ್ತವಳು. ಅವಳು ಚಂದ್ರನಲ್ಲಿದ್ದಾಳೆ, ಕಾಯುತ್ತಿದ್ದಾಳೆ. ತಾಯಿ ಕಾಶಿಯಲ್ಲಿ ಸತ್ತರೆ ಅಲ್ಲಿಗೆ ಎಂದೆಂದಿಗೂ ಬರುವುದಿಲ್ಲ. ಜನ ಹೊಲ ಮಾರಿ ಬಂದು ಬೇಡುವ ಮುಕ್ತಿ ಅಜ್ಜಿಗೆ ಆ ಕ್ಷಣದಲ್ಲಿ ಮಗಳಿಂದ ಅಗಲಿಸುವ ಬಾಗಿಲಾಗಿಬಿಟ್ಟಿತು.

ಮಾರನೆಯ ದಿನದಿಂದ ಒಂದೇ ಹಟ. ನನ್ನನ್ನು ಆಚೆ ದಡಕ್ಕೆ ಕಳಿಸಿ.

ನಮ್ಮ ಘಾಟಿನ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ನೋಡುತ್ತಿದ್ದದ್ದು ಆ ದಡವನ್ನೇ ಅಲ್ಲವೇ ಅಕ್ಕಾ? ಬರೀ ಮರಳು, ಅದರಾಚೆ ಮರಗಳ ಗೆರೆ, ಅದರ ಹಿಂದಿನಿಂದ ಚಂದ್ರ. ಗಂಗೆಯ ಈ ಕಡೆ ಕಾಶಿ. ಆ ಕಡೆ ಕಾಶಿಯಲ್ಲ. ಅಲ್ಲಿ ಸತ್ತವರಿಗೆ ಮುಕ್ತಿಯಿಲ್ಲ, ಮುಂದಿನ ಜನ್ಮದಲ್ಲಿ ಕತ್ತೆಯಾಗಿ ಹುಟ್ಟುತ್ತಾರೆ ಎಂದು ದೋಣಿಯವರ ಮಕ್ಕಳಿಗೂ ಗೊತ್ತು. ಅಮ್ಮ ಇದನ್ನು ಅಜ್ಜಿಗೆ ಅಳುತ್ತ ಹೇಳಿದಳು.

"ಕತ್ತಿ ಆದ್ರ ಆಗ್ತೇನ್ರಿ. ಮೊದಲ ಒಂದ್ ಸಲ ಆಕೀನ ನೋಡಿ ಬರ್ತೇನಿ."

ಅಪ್ಪ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಕೈಗೆ ಒಪ್ಪಿಸಿ ಹೋದವರಿಗೆ ನಾನು ಏನು ಹೇಳಲಿ? ಎಲ್ಲೆಲ್ಲಿಂದಲೋ ಜನ ಇಲ್ಲಿ ಬಂದು ಸಾಯ್ತಾರೆ, ನೀವು ಹೊರಗೆ ಹೋಗ್ತೀನಿ ಅಂತೀರಲ್ಲ!" ಅಜ್ಜಿ ತರಕಾರಿಯವನೊಂದಿಗೆ ಜಗಳ ನಿಲ್ಲಿಸಿದಳು. ಅವನು ನಾಲ್ಕು ದಿನ ಬಾಗಿಲಲ್ಲಿ ನಿಂತು ಸುಮ್ಮಸುಮ್ಮನೆ ಬೆಲೆ ಏರಿಸಿ ಹೇಳಿ ನೋಡಿದ. ಒಳಗಿನಿಂದ ಬೈಗುಳ ಬರಲಿಲ್ಲ. ಹಾಗೇ ಹೋದ.

ಯುಗಾದಿ ಕಳೆಯಿತು, ರಾಮನವಮಿ ಕಳೆಯಿತು. ಬೆಂಕಿಯಂಥ ಲೂ ಗಾಳಿ ಶುರುವಾದ ಮೇಲೆ ಅಜ್ಜಿ ಹಾಸಿಗೆ ಬಿಟ್ಟು ಏಳಲಿಲ್ಲ. ವೈದ್ಯರು ಬಂದು ನಾಡಿ ಹಿಡಿದು, ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ನಾನು ಮಾಡಬಹುದಾದದ್ದೆಲ್ಲ ಮಾಡಿದೆ. ಇಲಾಖೆಯ ಮೊಹರು (ಆಲೂಗೆಡ್ಡೆಯದು) ಒತ್ತಿ ಚಂದ್ರಲೋಕದ ಪಾಸು ಬರೆದುಕೊಟ್ಟೆ. "ಎಲ್ಲಿ ಸತ್ತರೂ ಊರ್ಜಿತ" ಎಂದು ಷರಾ ಹಾಕಿದ್ದೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ನೋಡಿ, ನನ್ನ ಕೆನ್ನೆ ಸವರಿ, ವಾಪಸು ಕೊಟ್ಟಳು. ನನ್ನ ಚೇಷ್ಟೆಗೆ ಯಾರೂ ಅಷ್ಟು ಮೆತ್ತಗೆ "ಬೇಡ" ಅಂದದ್ದಿಲ್ಲ.

ಪೂರ್ಣಿಮೆಯ ಮಧ್ಯಾಹ್ನ ಉಸಿರು ಬದಲಾಯಿತು. ಅಪ್ಪ ಗಂಗಾಜಲ, ತುಳಸಿ ಹಿಡಿದು ತಲೆಯ ಬಳಿ ಕೂತರು. ಅಜ್ಜಿ ತುಟಿ ಬಿಚ್ಚಲಿಲ್ಲ. ಪ್ರಜ್ಞೆಯಿತ್ತು. ಕಣ್ಣು ತೆರೆದು ಅಪ್ಪನನ್ನೇ ನೋಡುತ್ತಿದ್ದಳು. ಬಾಯಿ ಮಾತ್ರ, ಔಷಧಿ ಬೇಡವೆನ್ನುವ ಮಗುವಿನ ಹಾಗೆ, ಬಿಗಿ ಮುಚ್ಚಿಕೊಂಡಿದ್ದಳು. ಉದ್ಧರಣೆಯಿಂದ ನೀರು ಗಲ್ಲದ ಮೇಲೆ ಇಳಿದು ದಿಂಬಿಗೆ ಹೋಯಿತು. ಇಲ್ಲಿ ಸಾಯಬಾರದೆಂದು ಅವಳು ಪ್ರಾಣವನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಾಳೆ ಎಂದು ನನಗೂ ಗೊತ್ತಾಯಿತು, ಅಪ್ಪನಿಗೂ ಗೊತ್ತಾಯಿತು.

ಅಪ್ಪ ಉದ್ಧರಣೆಯನ್ನು ಕೆಳಗಿಟ್ಟರು. ಆಮೇಲೆ ಉತ್ತರೀಯವನ್ನು ಸೊಂಟಕ್ಕೆ ಬಿಗಿದು, "ಅಮೂಲ್ಯಾ, ಮಂಗರೂನ ಕರಿ," ಎಂದರು.

ಮಂಗರೂ ನಿನಗೆ ನೆನಪಿರಬೇಕು, ನಮ್ಮ ಘಾಟಿನ ದೋಣಿಯವನು, ನಿನ್ನನ್ನು "ಚಂದಾ ದೀದಿ" ಎಂದು ಅಣಕಿಸುತ್ತಿದ್ದವನು. ಅಪ್ಪನೂ ಅವನೂ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಕೊನೆಯ ಗಳಿಗೆಯಲ್ಲಿ ಪಾದ ಗಂಗೆಯಲ್ಲಿಡಲು ಒಯ್ಯುತ್ತಿದ್ದಾರೆ ಎಂದು ಎಲ್ಲರೂ ಕೈಮುಗಿದು ದಾರಿ ಬಿಟ್ಟರು. ನಾನು ದೂರದರ್ಶಕ ಎತ್ತಿಕೊಂಡು ಹಿಂದೆ ಓಡಿದೆ. ಅಮ್ಮ ತಡೆಯಲಿಲ್ಲ.

ದೋಣಿ ನೀರಿಗೆ ಬಿದ್ದ ಮೇಲೆ ಎಲ್ಲಿಗೆ ಎಂದು ಮಂಗರೂ ಕೇಳಿದ. ಅಪ್ಪ ಆಚೆ ದಡದತ್ತ ಕೈ ತೋರಿಸಿ, "ಉಸ್ ಪಾರ್," ಎಂದರು. ಮಂಗರೂ ಹುಟ್ಟು ಹಾಕುವುದನ್ನೇ ನಿಲ್ಲಿಸಿದ. "ಉಸ್ ಪಾರ್? ಮಹಾರಾಜ್, ಮಾಈ ಗದಹಾ ಹೋ ಜಾಈ!" ಅಜ್ಜಿ ಕತ್ತೆಯಾಗುತ್ತಾಳಲ್ಲ ಎಂದು ಅವನ ಕಳವಳ. ಅಪ್ಪ ಇನ್ನೊಂದು ಹುಟ್ಟನ್ನು ತಾವೇ ಹಿಡಿದರು. ಅಪ್ಪ ದೋಣಿ ನಡೆಸಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ದೋಣಿ ಒಂದು ಸ್ವಲ್ಪ ಹೊತ್ತು ಗುಂಡಗೆ ತಿರುಗಿತು. ಬೇರೆ ದಿನವಾಗಿದ್ದರೆ ಇಡೀ ವರ್ಷ ನಗುತ್ತಿದ್ದೆ.

ಆಚೆ ದಡದಲ್ಲಿ ಕಲ್ಲಂಗಡಿ ಹಾಕಿದ ಪಾತಿಗಳ ಪಕ್ಕ, ಬಿಸಿ ಆರುತ್ತಿದ್ದ ಮರಳ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ಅಪ್ಪ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬೆನ್ನ ಹಿಂದೆ ನಮ್ಮೂರು ಕಾಣುತ್ತಿತ್ತು. ಎಷ್ಟು ಚಿಕ್ಕದು, ಕೇದಾರೇಶ್ವರನ ಗಂಟೆ ಕೂಡ ಯಾರದೋ ಮನೆಯದು ಅನ್ನಿಸುವಷ್ಟು. ಸೂರ್ಯ ಆ ಕಡೆ ಇಳಿದ. ಈ ಕಡೆ ಮರಗಳ ಮೇಲೆ ಮೊದಲು ಒಂದು ಮಬ್ಬು ಹಳದಿ, ಆಮೇಲೆ ಒಂದು ಅಂಚು, ಆಮೇಲೆ ಇಡೀ ಚಂದ್ರ. ಹತ್ತಿರದಿಂದ. ನಾವು ಯಾವಾಗಲೂ ನೀರಾಚೆಯಿಂದ ನೋಡಿದವರು, ಅಕ್ಕಾ. ಇಲ್ಲಿಂದ ನಡೆದೇ ಹೋಗಬಹುದೇನೋ ಅನ್ನಿಸುತ್ತಿತ್ತು.

ಅಜ್ಜಿಯ ಕಣ್ಣಿಗೆ ಕೊಳವೆ ಹಿಡಿದೆ. ಅವಳಿಗೆ ಏನು ಕಂಡಿತೋ ತಿಳಿಯದು. "ಹಿಂದಿಂದು ಕಾಣಸ್ತೈತೇನು?" ಎಂದಳು. ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಕಾಣುವುದಿಲ್ಲ ಅಜ್ಜಿ, ಎಂದೆ. "ಇರಲಿ ಬಿಡ. ಹೋಗಿ ನೋಡ್ತೇನಿ."

ಆಗ ಅಪ್ಪ ಬಗ್ಗಿ ಅವಳ ಬಲಗಿವಿಯಲ್ಲಿ ಏನೋ ಹೇಳಿದರು. ಮಂಗರೂ ತಲೆಗೆ ಸುತ್ತಿದ ಗಮ್ಛಾ ಬಟ್ಟೆ ತೆಗೆದು ಎದೆಗೊತ್ತಿ ನಿಂತ. ಕಾಶಿಯ ಹೊರಗೆ ಬಂದರೂ ಪಂಡಿತರು ತಾರಕಮಂತ್ರ ಬಿಡಲಿಲ್ಲ ಎಂದು ಅವನು ಇವತ್ತಿಗೂ ಘಾಟಿನಲ್ಲಿ ಗುಟ್ಟಾಗಿ ಎಲ್ಲರಿಗೂ ಹೇಳುತ್ತಾನೆ. ಅಜ್ಜಿ ಕೇಳಿಸಿಕೊಂಡು, ಕಣ್ಣರಳಿಸಿ, ತಿರುಗಿ ಏನೋ ಕೇಳಿದಳು. ಮಂತ್ರಕ್ಕೆ ಯಾರಾದರೂ ಮರುಪ್ರಶ್ನೆ ಹಾಕುತ್ತಾರೆಯೇ? ಅಪ್ಪ ಅದಕ್ಕೂ ಉತ್ತರ ಕೊಟ್ಟರು. ಅಜ್ಜಿ ಇನ್ನೊಂದು ಮಾತು ಹೇಳಿ, ತಾನಾಗಿಯೇ ಬಾಯಿ ತೆರೆದಳು. ಅಪ್ಪ ನೀರು ಬಿಟ್ಟರು. ನುಂಗಿದಳು. ಚಂದ್ರ ಹಳದಿಯಿಂದ ಬಿಳಿಯಾಗುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ವಾಪಸು ತಂದೆವು. ಬೆಳಗಾಗುವ ಮೊದಲು ಬಿಳಿ ಬಟ್ಟೆ ಹೊದಿಸುವಾಗ ಅಪ್ಪ ಅದರ ಮಡಿಕೆಯೊಳಗೆ ಸಣ್ಣದೇನನ್ನೋ ಸೇರಿಸಿದರು. ತುಳಸಿಯಿರಬೇಕು ಎಂದುಕೊಂಡರು ಎಲ್ಲರೂ. ಅಣ್ಣನ ಮಗನಿಗೆ ಬರಲಾಗಲಿಲ್ಲ. ಹರಿಶ್ಚಂದ್ರ ಘಾಟಿನಲ್ಲಿ ಅಪ್ಪನೇ ಬೆಂಕಿಯಿಟ್ಟರು. ನನ್ನನ್ನು ಬರಬೇಡ ಎಂದರು. ಮಾಳಿಗೆಯಿಂದ ಹೊಗೆ ನೋಡಿದೆ. ನೆರೆಹೊರೆಯವರು ಯಾವಾಗ, ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ, "ಪೂರ್ಣಿಮೆ, ಸಂಧ್ಯಾಕಾಲ, ಗಂಗಾತೀರ," ಎಂದರು. ಎಂಥ ಪುಣ್ಯ ಎಂದರು ಎಲ್ಲರೂ. ಯಾವ ತೀರ ಎಂದು ಯಾರೂ ಕೇಳಲಿಲ್ಲ. ಅಪ್ಪ ನನ್ನ ಕಡೆ ನೋಡಲಿಲ್ಲ. ಚೇಷ್ಟೆ ನನಗೆ ಎಲ್ಲಿಂದ ಬಂತು ಎಂದು ಅಮ್ಮ ಬಹಳ ದಿನಗಳಿಂದ ಹುಡುಕುತ್ತಿದ್ದಾಳೆ.

ತರಕಾರಿಯವನು ಸುದ್ದಿ ಕೇಳಿ ಗಾಡಿ ನಿಲ್ಲಿಸಿ ಗಲ್ಲಿಯಲ್ಲೇ ಕೂತುಬಿಟ್ಟ.

ಅಜ್ಜಿ ಈಗ ಎಲ್ಲಿದ್ದಾಳೆ ಎಂಬುದರ ಬಗ್ಗೆ ಇಲಾಖೆಯ ಬಳಿ ಖಚಿತ ಮಾಹಿತಿ ಇಲ್ಲ. ದಿನಾ ಮಾಳಿಗೆಗೆ ಹೋಗುತ್ತೇನೆ. ಈಗ ಕೃಷ್ಣಪಕ್ಷ, ಚಂದ್ರ ಕರಗುತ್ತಿದೆ, ತಡವಾಗಿ ಬರುತ್ತದೆ, ಅಮ್ಮ ಅಷ್ಟು ಹೊತ್ತು ಕೂರಲು ಬಿಡುವುದಿಲ್ಲ. ನಿಮ್ಮೂರಿನಲ್ಲಿ ಕಾಣುವುದೂ ಇದೇ ಮುಖ ಅಲ್ಲವೇ? ಒಂದು ಸಲ ಹೊರಗೆ ಬಂದು ನೋಡಿ ಬರೆಯಬಾರದೇ? ಅಧ್ಯಕ್ಷರ ಸಹಿಯಿಲ್ಲದೆ ಕಚೇರಿ ನಡೆಯುವುದು ಬಹಳ ಕಷ್ಟ.

ಇತಿ ನಿನ್ನ ವಿಧೇಯ (ಅಮ್ಮನ ಅಭಿಪ್ರಾಯ ಬೇರೆ),
ಅಮೂಲ್ಯಾ
ಪ್ರಭಾರಿ ಅಧ್ಯಕ್ಷೆ, ಗುಮಾಸ್ತೆ ಹಾಗೂ ಜವಾನಿ

ಮರೆತ ಮಾತು: ಅಮ್ಮ "ಪತ್ರದಲ್ಲಿ ಎತ್ತಕೂಡದು" ಎಂದಿದ್ದಳು. ಸಹಿಯಾದ ಮೇಲೆ ಪತ್ರ ಮುಗಿಯಿತು. ಇದು ಪತ್ರದಲ್ಲಿಲ್ಲ, ಕಾಗದದಲ್ಲಿದೆ.

"ಹೆಸರಿಡುವ ಮೊದಲೇ ಹೋದ ಕೂಸಿಗೆ ಕರ್ಮವಿಲ್ಲ" ಎಂದಷ್ಟೇ ಅಪ್ಪ ಆ ಕಾರ್ಡಿನಲ್ಲಿ ನಿನಗೆ ಬರೆದರಲ್ಲ. ಅವತ್ತು ಮರಳಿನ ಮೇಲೆ ನಾನು ಪಕ್ಕದಲ್ಲೇ ಕೊಳವೆ ಹಿಡಿದು ಕೂತಿದ್ದೆ, ನನಗೆ ಎಲ್ಲ ಕೇಳಿಸಿತು. ಅಪ್ಪ ಹೇಳಿದ್ದು ಮಂತ್ರವಲ್ಲ. "ತುಳಸಮ್ಮನವರೇ, ನಮ್ಮ ಕಾತ್ಯಾಯನಿಯದೊಂದು ಕೂಸು ಮೊನ್ನೆ ಬಂದಿದೆ. ಅಲ್ಲಿ ಯಾರನ್ನೂ ಅರಿಯದು. ನೋಡಿಕೊಳ್ಳಿ," ಎಂದರು. ಅಜ್ಜಿ ಕೇಳಿದ್ದು, "ಗಂಡೋ, ಹೆಣ್ಣೋ?" ಅಪ್ಪ, "ಹೆಣ್ಣು. ಹೆಸರಿಟ್ಟಿರಲಿಲ್ಲ," ಎಂದರು. ಆಗ ಅಜ್ಜಿ, "ನಮ್ಮ ಶಕ್ಕು ಏನರ ಒಂದು ಹೆಸರು ಇಟ್ಟಿರತಾಳ ತಗೋರಿ," ಎಂದಳು.

ಮರದ ಗಿಳಿಗಳ ಕಟ್ಟನ್ನು ಬಿಚ್ಚಿ ನೋಡಿದೆ. ಒಂದು ಕಡಿಮೆಯಿದೆ. ಈ ಸಲ ಕದ್ದದ್ದು ನಾನಲ್ಲ.